1854ರ ನಾಲ್ಕಾಣೆ ಸ್ಟಾಂಪು, ರಾಣಿ ತಲೆ ಉಲ್ಟಾ

ತಾತನ ಹಳೇ ಆಲ್ಬಮ್‌ನಲ್ಲಿ ಒಂದು ನಾಲ್ಕಾಣೆ ಸ್ಟಾಂಪು ಸಿಕ್ತು, ಕೆಂಪು ಚೌಕಟ್ಟು, ನೀಲಿ ವಿಕ್ಟೋರಿಯಾ ರಾಣಿ, ಆದ್ರೆ ತಲೆ ಕೆಳಗಾಗಿದೆ. ಇದು ನಿಜವಾಗ್ಲೂ ಆ ಫೇಮಸ್ ಪ್ರಿಂಟಿಂಗ್ ಎರರ್ ಇರ್ಬಹುದಾ? ಯಾರಾದ್ರೂ ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1:
ಆ ಎರರ್ ಇರೋದಂತೂ ನಿಜ. ಕಲ್ಕತ್ತಾದ ಸರ್ವೇಯರ್ ಜನರಲ್ ಆಫೀಸಲ್ಲಿ ಕಲ್ಲಚ್ಚಲ್ಲಿ ಪ್ರಿಂಟ್ ಮಾಡ್ತಿದ್ರು, ಎರಡು ಬಣ್ಣ ಅಂದ್ರೆ ಹಾಳೆ ಎರಡು ಸಲ ಪ್ರೆಸ್ಸಿಗೆ ಹೋಗ್ಬೇಕು, ಮೊದ್ಲು ಕೆಂಪು ಆಮೇಲೆ ನೀಲಿ, ಎರಡನೇ ಸಲ ಹಾಳೆ ತಿರುಗಿಸಿ ಇಟ್ಬಿಟ್ರೆ ತಲೆ ಉಲ್ಟಾ. 1855ರ ಆಸ್ಟ್ರೇಲಿಯಾದ ‘ಉಲ್ಟಾ ಹಂಸ’ ಅನ್ನೋ ಎರರ್ ಸ್ಟಾಂಪಿಗಿಂತ ಇದೇ ಹಳೇದು, ನಂಗಂತೂ ಅದೇ ಖುಷಿ.

ಉತ್ತರ 2:
ಆಸೆ ಇಟ್ಕೊಳ್ಳಿ, ಆದ್ರೆ ಹುಷಾರು. ಜಗತ್ತಲ್ಲಿ ಸಿಕ್ಕಿರೋದು ಮೂವತ್ತರ ಆಸುಪಾಸು ಅಷ್ಟೇ, ಅದ್ರಲ್ಲೂ ಜಾಸ್ತಿಯವು ಎಂಟು ಮೂಲೆಗೆ ಕತ್ತರಿಸಿರೋವು, ಚೌಕವಾಗಿ ಉಳಿದಿರೋದು ಬೆರಳೆಣಿಕೆಯಷ್ಟು. ನಕಲಿಗಳು ಬೇಕಾದಷ್ಟಿವೆ. ಅಂಚಲ್ಲಿ ಹರಿಯೋಕೆ ಅಂತ ಸಾಲಾಗಿ ರಂಧ್ರ ಇದ್ರೆ ಅಲ್ಲಿಗೇ ಮುಗೀತು, ಅಸಲಿಗೆ ಅದು ಇರ್ಲಿಲ್ಲ. ಲೆನ್ಸ್ ಇಟ್ಟು ನೋಡಿ, ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಕಂಡ್ರೆ ಅದು ಈಗಿನ ಕಾಲದ ಪ್ರಿಂಟು. ದಯವಿಟ್ಟು ನೀರಲ್ಲಿ ನೆನೆಸ್ಬೇಡಿ, ಆಲ್ಬಮ್‌ನಿಂದ ಕೀಳ್ಬೇಡಿ, ಹಾಗೇ ಎಕ್ಸ್‌ಪರ್ಟ್ ಹತ್ರ ತಗೊಂಡ್ಹೋಗಿ ಸರ್ಟಿಫಿಕೇಟ್ ಮಾಡಿಸಿ.

ಪ್ರಶ್ನೆ ಕೇಳಿದವರು:
ರಂಧ್ರ ಇಲ್ಲ, ಮೂಲೆ ಕತ್ತರಿಸಿದೆ. ನಾಳೆ ಲೆನ್ಸ್ ತರ್ತೀನಿ.