ಹಳ್ಳಿಯ ಕಸುಬುದಾರರ ಛಾಯಾಚಿತ್ರಣ: ಕ್ಯಾಮೆರಾ ಎತ್ತಿದೊಡನೆ ಎಲ್ಲರೂ ನೆಟ್ಟಗೆ ನಿಂತುಬಿಡುತ್ತಾರೆ

ಹೊಸಕಣ್ಣು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಹಳ್ಳಿಯಲ್ಲಿ ಸ್ವಂತ ಕಸುಬು ನಡೆಸುತ್ತಿರುವವರನ್ನೂ ಅವರ ಅಂಗಡಿ ಮತ್ತು ಕೆಲಸದ ಕೋಣೆಗಳನ್ನೂ ಒಂದು ವರ್ಷದ ಕಾಲ ಚಿತ್ರಗಳಲ್ಲಿ ದಾಖಲಿಸಿ, ಕೊನೆಗೆ ಅದೇ ಹಳ್ಳಿಯಲ್ಲಿ ಪ್ರದರ್ಶನಕ್ಕೆ ಇಡಬೇಕೆಂದು ಹೊರಟಿದ್ದೇನೆ. ಎರಡು ತಿಂಗಳು ಕಳೆದಿವೆ. ದರ್ಜಿ, ಬಡಗಿ, ಕಮ್ಮಾರ, ಕ್ಷೌರಿಕ, ಸೈಕಲ್ ರಿಪೇರಿ ಮಾಡುವವರು ಹೀಗೆ ಹದಿನೆಂಟು ಮಂದಿಯ ಚಿತ್ರಗಳು ಕೈಯಲ್ಲಿವೆಯಾದರೂ, ಇಟ್ಟುಕೊಳ್ಳಬೇಕು ಎನಿಸುವುದು ಎರಡೋ ಮೂರೋ ಮಾತ್ರ.

ಮೊದಲ ತೊಡಕನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ನಾನು ಒಳಗೆ ಕಾಲಿಡುವ ತನಕ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಮೇಜಿನ ಮೇಲೆ ಹರಡಿದ ಬಟ್ಟೆಯತ್ತ ಬಾಗಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ ದರ್ಜಿಯವರು, ಕ್ಯಾಮೆರಾ ಕಂಡೊಡನೆ ಸೂಜಿಗಳನ್ನು ಡಬ್ಬಿಗೆ ಹಾಕಿ, ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದಿಟ್ಟು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಕೆಲಸ ಮುಂದುವರಿಸಿ ಎಂದು ಕೇಳಿಕೊಂಡರೆ ಕೆಲಸ ಮಾಡುವಂತೆ ನಟಿಸುತ್ತಾರೆ, ಅದು ಇನ್ನೂ ಕೃತಕವಾಗಿ ಕಾಣುತ್ತದೆ.

ಎರಡನೆಯದು ಬೆಳಕಿನ ಸಮಸ್ಯೆ. ಒಳಗೆ ಕತ್ತಲೆ, ಬಾಗಿಲಲ್ಲಿ ಸುಡುವ ಬೆಳಕು. ಹಲವು ಚಿತ್ರಗಳಲ್ಲಿ ಅಡ್ಡಡ್ಡ ಪಟ್ಟಿಗಳೂ ಮೂಡಿವೆ. ನನ್ನ ಬಳಿ ಫುಲ್‌ಫ್ರೇಮ್ ಕ್ಯಾಮೆರಾ, 35 ಮತ್ತು 85 ಮಿ.ಮೀ. ಲೆನ್ಸ್‌ಗಳಿವೆ, ಫ್ಲ್ಯಾಶ್ ಇಲ್ಲ.

ಮೂರನೆಯದು ನನ್ನ ತಪ್ಪೇ ಇರಬಹುದು. "ತೆಗೆದುಕೊಳ್ಳಿ, ಅದಕ್ಕೇನಂತೆ" ಎಂದಿದ್ದವರೊಬ್ಬರು, ಅದೇ ಚಿತ್ರವನ್ನು ನಾನು ಅಂತರಜಾಲದಲ್ಲಿ ಹಾಕಿದ್ದನ್ನು ಯಾರದೋ ಫೋನಿನಲ್ಲಿ ನೋಡಿದ ಮೇಲೆ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಚಿತ್ರವನ್ನು ತೆಗೆದುಹಾಕಿದ್ದೇನೆ. ಆದರೆ ಮುಂದೆ ಇದನ್ನು ಹೇಗೆ ನಿಭಾಯಿಸಬೇಕು?

ಹಳೆಯ ನೆಗೆಟಿವ್:

ದರ್ಜಿಯವರು ಗುಂಡಿ ಹಾಕಿಕೊಂಡು ನಿಂತದ್ದನ್ನು ನೀವು ತೊಡಕೆಂದು ಕರೆದಿರುವುದನ್ನು ನಾನು ಒಪ್ಪಲಾರೆ. ತಾನು ಹೇಗೆ ಕಾಣಬೇಕು ಎಂಬ ವಿಷಯದಲ್ಲಿ ಅವರಿಗೆ ಒಂದು ಅಭಿಪ್ರಾಯವಿದೆ, ಅದನ್ನು ಅವರು ನಿಮಗೆ ತೋರಿಸಿದರು, ಅಷ್ಟೇ.

ಜರ್ಮನಿಯ ಆಗಸ್ಟ್ ಸ್ಯಾಂಡರ್ ತಮ್ಮ ಜೀವಿತದ ದೊಡ್ಡ ಭಾಗವನ್ನು ಇಂಥ ನೆಟ್ಟ ನಿಲುವುಗಳಿಗೇ ಮೀಸಲಿಟ್ಟರು. ವೆಸ್ಟರ್‌ವಾಲ್ಡ್ ಪ್ರದೇಶದ ರೈತರಿಂದ ಆರಂಭಿಸಿ ತಮ್ಮ ಕಾಲದ ಎಲ್ಲ ಕಸುಬುಗಳವರನ್ನೂ ದೊಡ್ಡ ಗಾಜಿನ ಪ್ಲೇಟುಗಳ ಮೇಲೆ ದಾಖಲಿಸಿದ ಅವರು ಯಾರನ್ನೂ ಕದ್ದು ಹಿಡಿಯಲಿಲ್ಲ. 1914ರಲ್ಲಿ ತೆಗೆದ ಅವರ ಹೆಸರಾಂತ ಚಿತ್ರದಲ್ಲಿ ಮೂವರು ಯುವ ರೈತರು ಕೆಸರಿನ ದಾರಿಯಲ್ಲಿ ಸೂಟು, ಹ್ಯಾಟು, ಊರುಗೋಲುಗಳೊಂದಿಗೆ ನಿಂತಿದ್ದಾರೆ. ಅವರು ರೈತರೆಂಬುದನ್ನು ಹೇಳಲು ಒಂದು ನೇಗಿಲೂ ಅಲ್ಲಿಲ್ಲ. ಅಮೆರಿಕದ ಇರ್ವಿಂಗ್ ಪೆನ್ 1950 ಮತ್ತು 1951ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳ ಸಣ್ಣ ಕಸುಬುದಾರರನ್ನು ಅವರ ಕೆಲಸದ ಉಡುಪಿನಲ್ಲಿ, ಉಪಕರಣಗಳ ಸಮೇತ ತಮ್ಮ ಸ್ಟುಡಿಯೋಗೆ ಕರೆಸಿಕೊಂಡು ಸಾದಾ ಪರದೆಯ ಮುಂದೆ ನಿಲ್ಲಿಸಿದರು. ನ್ಯೂಯಾರ್ಕ್‌ನಲ್ಲಿ ಎಷ್ಟು ತಿಳಿಸಿ ಹೇಳಿದ್ದರೂ ಕೆಲವರು ಗಡ್ಡ ಬೋಳಿಸಿ, ಭಾನುವಾರದ ಸೂಟು ಧರಿಸಿಯೇ ಬಂದರೆಂದು ಪೆನ್ ಅವರೇ ಬರೆದಿದ್ದಾರೆ. ಆದ್ದರಿಂದ ಈ ಅನುಭವ ನಿಮ್ಮೊಬ್ಬರದಲ್ಲ.

ಮೊದಲು ಅವರು ಬಯಸಿದ ಹಾಗೆಯೇ ಒಂದು ಚಿತ್ರವನ್ನು ಶ್ರದ್ಧೆಯಿಂದ, ಅವಸರವಿಲ್ಲದೆ ತೆಗೆಯಿರಿ. ಅದಾದ ಮೇಲೆ, ಆ ಟೇಪನ್ನು ಮತ್ತೊಮ್ಮೆ ಕೊರಳಿಗೆ ಹಾಕಿಕೊಳ್ಳುವಿರಾ ಎಂದು ಕೇಳಿ. ಟೇಪು ಕೊರಳಿಗೆ ಬಂದರೆ ಭುಜಗಳು ತಾವಾಗಿಯೇ ಇಳಿಯುತ್ತವೆ. ಕೈಗೆ ಪರಿಚಿತವಾದ ವಸ್ತುವೊಂದು ಸಿಕ್ಕಿದರೆ ಸಾಕು, ಕೈಗಳನ್ನು ಎಲ್ಲಿಡಬೇಕೆಂಬ ಮುಜುಗರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬಾಗಿಲ ಬೆಳಕು:

ಹಿಂದಿನವರು ಹೇಳಿದ್ದು ಭಾವಚಿತ್ರದ ಮಟ್ಟಿಗೆ ಸರಿ, ಆದರೆ ಒಂದು ವರ್ಷದ ದಾಖಲೆಗೆ ಅದೊಂದೇ ಸಾಲದು. ಜೇಮ್ಸ್ ರ‍್ಯಾವಿಲಿಯಸ್ 1972ರಿಂದ ಮುಂದೆ ಹದಿನೇಳು ವರ್ಷ ಇಂಗ್ಲೆಂಡಿನ ಉತ್ತರ ಡೆವನ್‌ನ ಹಳ್ಳಿಗಳನ್ನಷ್ಟೇ ಸುತ್ತಿ 70,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಅವರು ವಾಸವಾಗಿದ್ದುದೂ ಅದೇ ಸೀಮೆಯಲ್ಲಿ. ಜನರಿಗೆ ಅವರು ಹೊರಗಿನವರಾಗಿ ಉಳಿದಿರಲಿಲ್ಲ. ನಾಲ್ಕನೆಯ ಸಲ ಹೋದಾಗ ದರ್ಜಿಯವರು ಎದ್ದು ನಿಲ್ಲುವುದಿಲ್ಲ. ಮೊದಲ ಮೂರು ಸಲದಲ್ಲಿ ಎರಡು ಸಲ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯದೇ ಇದ್ದರೂ ನಷ್ಟವಿಲ್ಲ. ಹೊಲಿಗೆಯ ಸೀಜನ್ ಜೋರಾಗಿರುವ ದಿನ ಹೋದರೆ ಇನ್ನೂ ಒಳ್ಳೆಯದು, ನಿಮ್ಮತ್ತ ತಿರುಗಲು ಅವರಿಗೆ ಪುರುಸೊತ್ತೇ ಇರುವುದಿಲ್ಲ.

ಇನ್ನು ಬೆಳಕು. ಅಡ್ಡಪಟ್ಟಿಗಳಿಗೆ ಕಾರಣ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ದೀಪಗಳ ಮಿನುಗು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ದೀಪ ಸೆಕೆಂಡಿಗೆ 100 ಬಾರಿ, 60 ಹರ್ಟ್ಸ್ ಇರುವೆಡೆ 120 ಬಾರಿ ಮಿನುಗುತ್ತದೆ; ಶಟರ್ ಅದಕ್ಕಿಂತ ವೇಗವಾದಾಗ ಚೌಕಟ್ಟಿನ ಒಂದೊಂದು ಭಾಗಕ್ಕೆ ಒಂದೊಂದು ಪ್ರಮಾಣದ ಬೆಳಕು ಸಿಕ್ಕಿ ಪಟ್ಟಿಗಳು ಮೂಡುತ್ತವೆ. ನೀವು ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಶಟರ್ (ಚಿತ್ರವನ್ನು ಸಾಲುಸಾಲಾಗಿ ನಿಧಾನವಾಗಿ ಓದುವುದರಿಂದ ಈ ತೊಂದರೆ ಅದರಲ್ಲಿ ಹೆಚ್ಚು) ಬಳಸುತ್ತಿರಬೇಕು ಎಂದು ನನ್ನ ಊಹೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, 50 ಹರ್ಟ್ಸ್ ಆದರೆ 1/50 ಅಥವಾ 1/100 ಸೆಕೆಂಡಿಗೆ, 60 ಹರ್ಟ್ಸ್ ಆದರೆ 1/60 ಅಥವಾ 1/120ರ ಆಸುಪಾಸಿಗೆ ಇಟ್ಟುಕೊಳ್ಳಿ. ಅದಕ್ಕಿಂತ ಸುಲಭವಾದದ್ದು, ಅನುಮತಿ ಕೇಳಿ ದೀಪವನ್ನೇ ಆರಿಸಿಬಿಡುವುದು. ಹಾಗೆ ಮಾಡಿದರೆ ಬಾಗಿಲಿನ ಹಗಲು ಬೆಳಕಿಗೂ ದೀಪದ ಬೆಳಕಿಗೂ ಇರುವ ಬಣ್ಣದ ಜಗಳವೂ ನಿಲ್ಲುತ್ತದೆ.

ಬಾಗಿಲನ್ನು ಶತ್ರುವೆಂದು ನೋಡಬೇಡಿ. ಅವರನ್ನು ಬಾಗಿಲಿನಿಂದ ಒಂದು ಮೀಟರಿನಷ್ಟು ಒಳಗೆ, ಮುಖ ಹೊರಗಿನ ಬೆಳಕಿನತ್ತ ಇರುವಂತೆ ಕೂರಿಸಿ. ನೀವು ಬಾಗಿಲಿಗೆ ಅಡ್ಡವಾಗದಂತೆ ಅದರ ಅಂಚಿನಲ್ಲಿ ನಿಲ್ಲಿ. ಬೆಳಕು ಒಳಕ್ಕೆ ಹೋದಂತೆ ಬೇಗನೆ ಕುಗ್ಗುವುದರಿಂದ ಹಿಂದಿನ ಗೋಡೆ ತಾನಾಗಿಯೇ ಮಬ್ಬಾಗಿ ಮುಖ ಮೇಲೆದ್ದು ಬರುತ್ತದೆ. ಇಟಲಿಯ ಲುಜಾರಾ ಎಂಬ ಊರಿನಲ್ಲಿ ಪಾಲ್ ಸ್ಟ್ರ್ಯಾಂಡ್ 1953ರಲ್ಲಿ ತಾಯಿ ಮತ್ತು ಐವರು ಗಂಡುಮಕ್ಕಳ ಚಿತ್ರ ತೆಗೆದಾಗ ತಾಯಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದರು. ಆ ಚಿತ್ರದಲ್ಲಿ ಬಾಗಿಲು ಎಷ್ಟು ಕೆಲಸ ಮಾಡಿದೆ ಎಂಬುದನ್ನು ಒಮ್ಮೆ ನೋಡಿ.

ಕಮ್ಮಾರನ ಕುಲುಮೆಯ ವಿಷಯ ಬೇರೆ. ಅಲ್ಲಿ ಕ್ಯಾಮೆರಾದ ಬೆಳಕಿನ ಮಾಪಕವನ್ನು ನಂಬದೆ, ಕಾದ ಕಬ್ಬಿಣದ ಕಿತ್ತಳೆ ಬಣ್ಣ ಬಿಳಿಚಿಕೊಳ್ಳದ ಹಾಗೆ ಎಕ್ಸ್‌ಪೋಷರ್ ನಿಗದಿಪಡಿಸಿ, ಮುಖವನ್ನು ಅರೆಗತ್ತಲಲ್ಲೇ ಬಿಡಿ. 1/30 ಸೆಕೆಂಡಿನಲ್ಲಿ ಕಿಡಿಗಳು ಗೆರೆಗಳಾಗಿ ಬರುತ್ತವೆ, ಸುತ್ತಿಗೆ ಮಸುಕಾಗುತ್ತದೆ. ಮಸುಕಾಗಲಿ, ಏಟಿನ ಬಲ ಕಾಣುವುದು ಅದರಲ್ಲೇ. ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲೇ) ತೆಗೆಯಿರಿ, ಬೆಳಕಿನ ಸೂಕ್ಷ್ಮತೆಯನ್ನು ಐಎಸ್‌ಒ 3200ಕ್ಕೆ ಏರಿಸಲು ಹೆದರಬೇಡಿ. 85 ಮಿ.ಮೀ. ಲೆನ್ಸ್ ಚೀಲದಲ್ಲೇ ಇರಲಿ. 35 ಮಿ.ಮೀ. ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ಸುಮಾರು ಒಂದೂವರೆ ಮೀಟರ್ ಅಗಲವನ್ನು ತೋರಿಸುತ್ತದೆ, ಅಂದರೆ ಕುಳಿತ ವ್ಯಕ್ತಿಯೂ ಅವರ ಕೈಗೆಟಕುವ ಉಪಕರಣಗಳೂ ಒಟ್ಟಿಗೆ ಸಿಗುತ್ತವೆ. ಮುಖವನ್ನು ಮಾತ್ರ ಅಂಚಿಗೆ ತಳ್ಳಬೇಡಿ, ಅಲ್ಲಿ ಅದು ಎಳೆದಂತಾಗುತ್ತದೆ.

ಅಡಿಬರಹ:

ಅನುಮತಿಯ ಬಗ್ಗೆ ಯಾರೂ ಬರೆಯದೇ ಇರುವುದರಿಂದ ನಾನು ಅಷ್ಟನ್ನೇ ಹೇಳುತ್ತೇನೆ. "ತೆಗೆದುಕೊಳ್ಳಿ" ಎಂದವರು ಒಪ್ಪಿದ್ದು ತೆಗೆಯುವುದಕ್ಕೆ. ಗೋಡೆಗೆ ತೂಗುಹಾಕುವುದಕ್ಕೆ, ಅಂತರಜಾಲದಲ್ಲಿ ಹಾಕುವುದಕ್ಕೆ, ಮುಂದೊಂದು ದಿನ ಯಾವುದೋ ಜಾಹೀರಾತಿಗೆ ಕೊಡುವುದಕ್ಕೆ ಅವರು ಒಪ್ಪಿದ್ದಾರೆ ಎಂದು ಅದರಿಂದ ಅರ್ಥವಾಗುವುದಿಲ್ಲ. ಇವನ್ನು ಬೇರೆಬೇರೆಯಾಗಿ ಕೇಳಬೇಕು. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದಾದರೂ, ಮುಖ ಗುರುತಿಸಬಹುದಾದ ಚಿತ್ರವನ್ನು ವಾಣಿಜ್ಯ ಬಳಕೆಗೆ ಕೊಡುವಾಗ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಛಾಯಾಚಿತ್ರಗಳನ್ನು ಮಾರುವ ಸಂಸ್ಥೆಗಳು ಸಾಮಾನ್ಯವಾಗಿ ಕೇಳಿಯೇ ಕೇಳುತ್ತವೆ. ಅರ್ಧ ಪುಟದ ಪತ್ರವನ್ನು ಅವರ ಭಾಷೆಯಲ್ಲೇ ಸಿದ್ಧಪಡಿಸಿ, ಓದಲು ಬಾರದವರಿಗೆ ಓದಿ ಹೇಳಿ. ಅಂಗಡಿಯಲ್ಲಿ ಕೂತ ಮಕ್ಕಳು ಚೌಕಟ್ಟಿನೊಳಗೆ ಬಂದರೆ ಹೆತ್ತವರ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯಿರಿ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಸಣ್ಣ ಅಂಗಡಿಯ ಗೋಡೆಯ ಮೇಲೆ ಗಿರಾಕಿಗಳ ಫೋನ್ ಸಂಖ್ಯೆಗಳಿರುತ್ತವೆ, ಮೇಜಿನ ಮೇಲೆ ಯಾರ‍್ಯಾರು ಎಷ್ಟು ಬಾಕಿ ಎಂದು ಬರೆದ ಉದ್ರಿ ಪುಸ್ತಕ ತೆರೆದಿರುತ್ತದೆ. ಈಗಿನ ಕ್ಯಾಮೆರಾಗಳ ಫೈಲನ್ನು ಹಿಗ್ಗಿಸಿದರೆ ಅವೆಲ್ಲವನ್ನೂ ಓದಬಹುದು, ಮತ್ತು ಹಳ್ಳಿಯಲ್ಲಿ ಅದನ್ನು ಓದುವವರಿಗೆ ಹೆಸರುಗಳೆಲ್ಲ ಪರಿಚಿತವಾಗಿರುತ್ತವೆ. ನಿಮ್ಮೊಡನೆ ಮಾತು ಕಡಿಮೆ ಮಾಡಿದವರ ಚಿತ್ರದಲ್ಲಿ ಅಂಥದ್ದೇನಾದರೂ ಇತ್ತೇ ಎಂದು ಒಮ್ಮೆ ಪರೀಕ್ಷಿಸಿ.

ಚಿತ್ರದ ಮುದ್ರಿತ ಪ್ರತಿಯನ್ನು ಪ್ರದರ್ಶನದ ತನಕ ಕಾಯದೆ ಒಂದು ವಾರದೊಳಗೆ ತಲುಪಿಸಿ. 8×10 ಅಂಗುಲದ ಪ್ರತಿಗೆ ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಲೆಕ್ಕ ಹಾಕಿದರೂ 72 ಲಕ್ಷ ಪಿಕ್ಸೆಲ್ ಸಾಕು. ಅದೇ ಫೈಲನ್ನು 16×20 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 150 ಪಿಕ್ಸೆಲ್ ಬರುತ್ತದೆ, ಗೋಡೆಯ ಮೇಲೆ ಎರಡು ಹೆಜ್ಜೆ ದೂರದಿಂದ ನೋಡುವವರಿಗೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಪ್ರತಿ ಕೊಡುವಾಗಲೇ ಅವರ ಹೆಸರು, ಕಸುಬು, ಆ ಕಸುಬು ಕಲಿಸಿದವರು, ಉಪಕರಣಗಳನ್ನು ಅವರು ಕರೆಯುವ ಹೆಸರುಗಳು ಇವನ್ನೆಲ್ಲ ಕೇಳಿ ಬರೆದುಕೊಂಡು, ಫೈಲಿನೊಳಗಿನ ಐಪಿಟಿಸಿ ವಿವರಣೆಯಲ್ಲೇ (ಚಿತ್ರದ ಜೊತೆಗೇ ಉಳಿಯುವ ಪಠ್ಯ ಮಾಹಿತಿಯ ಜಾಗದಲ್ಲೇ) ಸೇರಿಸಿಬಿಡಿ. ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಚಿತ್ರದಿಂದ ಎಂದಾದರೊಂದು ದಿನ ಬೇರ್ಪಡುತ್ತದೆ.

ಹೊಸಕಣ್ಣು:

ಮೂವರಿಗೂ ಕೃತಜ್ಞತೆಗಳು. ಪಟ್ಟಿಗಳ ಕಾರಣ ಎಲೆಕ್ಟ್ರಾನಿಕ್ ಶಟರೇ ಆಗಿತ್ತು, ಬದಲಿಸಿದೊಡನೆ ಮಾಯವಾದವು. ಅಡಿಬರಹ ಅವರ ಅನುಮಾನವೂ ನಿಜವಾಯಿತು. ಚಿತ್ರದ ಮೂಲೆಯಲ್ಲಿ ಉದ್ರಿ ಪುಸ್ತಕದ ಒಂದು ಪುಟ ತೆರೆದಿತ್ತು. ನಾನು ಅದನ್ನು ನೋಡಿರಲೇ ಇಲ್ಲ. ಹೋಗಿ ಕ್ಷಮೆ ಕೇಳಿ ಬಂದೆ. ಮಾತು ಇನ್ನೂ ಮೊದಲಿನಷ್ಟಾಗಿಲ್ಲ.

ದರ್ಜಿಯವರ ಎರಡು ಚಿತ್ರಗಳನ್ನೂ, ಅಂದರೆ ಗುಂಡಿ ಹಾಕಿಕೊಂಡು ನಿಂತದ್ದು ಮತ್ತು ಮೂರನೆಯ ಭೇಟಿಯಲ್ಲಿ ಟೇಪಿನೊಂದಿಗೆ ಕೆಲಸದಲ್ಲಿದ್ದದ್ದು, ಮುದ್ರಿಸಿ ಅವರ ಮುಂದಿಟ್ಟೆ. ಎರಡನೆಯದನ್ನು ಒಂದು ಕ್ಷಣ ನೋಡಿ, "ಇದರಲ್ಲಿ ನನ್ನ ಕೆಲಸ ಚೆನ್ನಾಗಿ ಬಂದಿದೆ" ಎಂದು ನನಗೇ ಹಿಂದಿರುಗಿಸಿದರು. ಮೊದಲನೆಯದನ್ನು ಇಟ್ಟುಕೊಂಡರು. ಪ್ರದರ್ಶನದಲ್ಲಿ ಯಾವುದನ್ನು ಇಡಲಿ?

ಹಳೆಯ ನೆಗೆಟಿವ್:

ಎರಡನ್ನೂ ಒಂದೇ ಅಳತೆಯಲ್ಲಿ, ಅಕ್ಕಪಕ್ಕದಲ್ಲಿ ಇಡಿ. ಎಡಗಡೆಗೆ ಅವರು ಇಟ್ಟುಕೊಂಡದ್ದು ಬರಲಿ.