ಬಿ.ಫಾರ್ಮ್ ಆದ ಮೇಲೆ ಫಾರ್ಮ್.ಡಿ., ಎಂ.ಫಾರ್ಮ್, ಅಮೆರಿಕದ ಎಂ.ಎಸ್.: ಮೂರೂ ಕಡೆ ಸೀಟಿದೆ, ಯಾವುದನ್ನು ಹಿಡಿಯಲಿ?

ಪ್ರಶ್ನೆ: ಬಂಟ್ವಾಳದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಫಾರ್ಮ್ ಮುಗಿಸಿದ್ದೇನೆ ಮತ್ತು ಎಂ.ಫಾರ್ಮ್ ಪ್ರವೇಶಕ್ಕಿರುವ ಜಿಪ್ಯಾಟ್ ಪರೀಕ್ಷೆಯಲ್ಲೂ ಅರ್ಹಳಾಗಿದ್ದೇನೆ. ಈಗ ಮೂರು ಕಡೆಯಿಂದ ಪ್ರವೇಶಪತ್ರ ಬಂದಿರುವುದರಿಂದ ಸಂತೋಷಕ್ಕಿಂತ ಗೊಂದಲವೇ ಹೆಚ್ಚಾಗಿದೆ. ಒಂದು, ದೇರಳಕಟ್ಟೆಯ ಕಡೆ ಮೂರು ವರ್ಷದ ಪೋಸ್ಟ್ ಬ್ಯಾಕಲಾರಿಯೇಟ್ (ಬಿ.ಫಾರ್ಮ್ ಆದವರಿಗಾಗಿ ಇರುವ) ಫಾರ್ಮ್.ಡಿ.; ಎರಡು, ಉಡುಪಿ ಜಿಲ್ಲೆಯಲ್ಲಿ ಫಾರ್ಮಾಸ್ಯೂಟಿಕ್ಸ್ (ಮದ್ದನ್ನು ಮಾತ್ರೆ, ಕ್ಯಾಪ್ಸೂಲುಗಳ ರೂಪಕ್ಕೆ ತರುವ ವಿದ್ಯೆ) ವಿಭಾಗದಲ್ಲಿ ಎಂ.ಫಾರ್ಮ್; ಮೂರು, ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಫಾರ್ಮಾಸ್ಯೂಟಿಕಲ್ ಸೈನ್ಸಸ್ ಎಂ.ಎಸ್. ಕೊನೆಯದಕ್ಕೆ ಅವರು ಯಾವ ಆರ್ಥಿಕ ನೆರವನ್ನೂ ಕೊಟ್ಟಿಲ್ಲ.

ಮನೆಯಲ್ಲಿ ಸ್ವಲ್ಪ ಅಡಿಕೆ ತೋಟವಿದೆ, ಅದರ ಮೇಲೆ ಸಾಲ ತೆಗೆಯೋಣ ಎಂದು ಅಪ್ಪ ಹೇಳುತ್ತಾರೆ. ಫಾರ್ಮ್.ಡಿ. ಮಾಡಿದರೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳಬಹುದು ಎಂಬುದು ಚಿಕ್ಕಪ್ಪನ ವಾದ. ಅಮೆರಿಕಕ್ಕೆ ಹೋದರೆ ಅಲ್ಲಿಯೇ ಫಾರ್ಮಸಿಸ್ಟ್ ಆಗಿ ಸಾಲವನ್ನು ಬೇಗ ತೀರಿಸಬಹುದು ಎಂದು ಗೆಳತಿಯೊಬ್ಬಳು ಹೇಳಿದ್ದಾಳೆ. ನನಗೆ ಫಾರ್ಮಕಾಲಜಿ (ಮದ್ದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ) ಇಷ್ಟ, ಆದರೆ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಮಾತ್ರೆ ತಯಾರಿಸಿದಾಗಲೂ ಹೊತ್ತು ಹೋದದ್ದು ತಿಳಿಯಲಿಲ್ಲ. ಈ ದಾರಿಗಳಲ್ಲಿ ಈಗಾಗಲೇ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕ್ಲಿನಿಕಲ್ ಫಾರ್ಮಸಿಸ್ಟ್, ಮಂಗಳೂರು

ಡಾಕ್ಟರ್ ಎಂಬ ಬಿರುದಿನ ವಿಚಾರವನ್ನು ಚಿಕ್ಕಪ್ಪನಿಗೇ ಬಿಟ್ಟುಬಿಡಿ. ವಾರ್ಡಿನಲ್ಲಿ ನಿಂತು ಕೆಲಸ ಮಾಡುವ ಮನಸ್ಸು ನಿಮಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಈ ಪದವಿಯ ಸಾರ ಇರುವುದು ಅಲ್ಲಿ. ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ಫಾರ್ಮ್.ಡಿ. ನಿಯಮಾವಳಿಯನ್ನು ತಂದಾಗ, ಬಿ.ಫಾರ್ಮ್ ಆದವರು ನೇರವಾಗಿ ನಾಲ್ಕನೆಯ ವರ್ಷಕ್ಕೆ ಸೇರಿಕೊಳ್ಳುವ ವ್ಯವಸ್ಥೆಯನ್ನೂ ಮಾಡಿತು. ನಿಮಗೆ ಸಿಕ್ಕಿರುವುದು ಆ ಸೀಟು. ಎರಡು ವರ್ಷ ಪಾಠ ಮತ್ತು ವಾರ್ಡ್ ಪೋಸ್ಟಿಂಗ್ ಜೊತೆಜೊತೆಯಾಗಿ ನಡೆಯುತ್ತವೆ, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಅದರಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳು ಬೇರೆ ಮೂರು ವಿಶೇಷ ವಿಭಾಗಗಳಲ್ಲಿ ತಲಾ ಎರಡೆರಡು ತಿಂಗಳು.

ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಬೆಂಗ್ರೆಯ ಕಡೆಯ ಹಿರಿಯ ಮೀನುಗಾರರೊಬ್ಬರು ದಮ್ಮಿಗೆ ಪಂಪು ಬಳಸುತ್ತಿದ್ದರೂ ಮತ್ತೆ ಮತ್ತೆ ಬಂದು ದಾಖಲಾಗುತ್ತಿದ್ದರು. ಮದ್ದು ಬದಲಾಯಿಸುವ ಮಾತು ನಡೆಯುತ್ತಿದ್ದಾಗ, ನೀವು ಮನೆಯಲ್ಲಿ ತೆಗೆದುಕೊಳ್ಳುವ ಹಾಗೆಯೇ ಒಮ್ಮೆ ತೋರಿಸಿ ಎಂದು ಕೇಳಿದೆ. ಅವರು ಪಂಪನ್ನು ಬಾಯಿಗಿಟ್ಟು ಒತ್ತಿದರು, ಆದರೆ ಉಸಿರನ್ನು ಒಳಗೆ ಎಳೆಯಲೇ ಇಲ್ಲ; ಇಷ್ಟು ದಿನ ಮದ್ದೆಲ್ಲ ನಾಲಿಗೆಯ ಮೇಲೆಯೇ ಉಳಿಯುತ್ತಿತ್ತು. ಒತ್ತುವುದೂ ನಿಧಾನವಾಗಿ ಉಸಿರೆಳೆಯುವುದೂ ಒಟ್ಟಿಗೆ ಆಗಬೇಕು, ಬಳಿಕ ಹತ್ತು ಸೆಕೆಂಡು ಉಸಿರು ಹಿಡಿಯಬೇಕು, ಕೊನೆಗೆ ಬಾಯಿ ಮುಕ್ಕಳಿಸಬೇಕು ಎಂಬುದನ್ನು ತುಳುವಿನಲ್ಲಿ ಹೇಳಿಕೊಟ್ಟು, ಪಂಪಿಗೆ ಜೋಡಿಸುವ ಒಂದು ಸ್ಪೇಸರ್ ಕೊಳವೆ ಕೊಡಿಸಿದೆವು. ಮದ್ದು ಬದಲಾಗಲಿಲ್ಲ, ಬದಲಾಯಿಸುವ ಅಗತ್ಯವೂ ಬರಲಿಲ್ಲ. ನಿಮಗೆ ಇಷ್ಟವಾದ ಫಾರ್ಮಕಾಲಜಿ ಇಲ್ಲಿ ಸಿಗುತ್ತದೆ, ಆದರೆ ಅದರ ಅರ್ಧಭಾಗ ರೋಗಿಯ ಜೊತೆ ಮಾತನಾಡುವುದು, ಉಳಿದ ಅರ್ಧ ಕೇಸ್ ಶೀಟನ್ನು ಸಾಲು ಸಾಲಾಗಿ ಓದುವುದು.

ಕಾಲೇಜಿನ ಬಗ್ಗೆ ನೀವು ಕೇಳಬೇಕಾದದ್ದು ಕಟ್ಟಡದ ವಿಚಾರವಲ್ಲ, ಆಸ್ಪತ್ರೆಯ ವಿಚಾರ. ಫಾರ್ಮ್.ಡಿ. ನಡೆಸುವ ಕಾಲೇಜಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ಆಸರೆ ಬೇಕೆಂಬ ನಿಯಮವಿದೆ. ಆ ಆಸ್ಪತ್ರೆ ಕಾಲೇಜಿನದ್ದೇ ಅಥವಾ ಒಪ್ಪಂದದ ಮೇಲೆ ಪಡೆದದ್ದೇ, ದೂರ ಎಷ್ಟು, ರೌಂಡ್ಸಿನಲ್ಲಿ ವೈದ್ಯರು ವಿದ್ಯಾರ್ಥಿಗಳ ಮಾತಿಗೆ ಕಿವಿಗೊಡುತ್ತಾರೆಯೇ ಎಂಬುದನ್ನು ಈಗ ಇಂಟರ್ನ್‌ಶಿಪ್ ಮಾಡುತ್ತಿರುವವರಲ್ಲೇ ವಿಚಾರಿಸಿ. ಪೋಸ್ಟ್ ಬ್ಯಾಕಲಾರಿಯೇಟ್ ಸೀಟುಗಳು ಒಂದು ಕಾಲೇಜಿಗೆ ಹತ್ತೇ ಆದ್ದರಿಂದ ಅವರನ್ನು ಹುಡುಕುವುದು ಕಷ್ಟವಲ್ಲ.

ಸಂಬಳದ ವಿಚಾರದಲ್ಲಿ ಸುಳ್ಳು ಹೇಳುವುದಿಲ್ಲ: ಊರಿನ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಸಾಧಾರಣ. ನನ್ನ ಜೊತೆ ಓದಿದವರಲ್ಲಿ ಅನೇಕರು ಬೆಂಗಳೂರಿನಲ್ಲಿ ಫಾರ್ಮಕೋವಿಜಿಲೆನ್ಸ್ ಕಂಪನಿಗಳ ಮೇಜಿನ ಮುಂದೆ ಕುಳಿತು ಅಡ್ಡಪರಿಣಾಮದ ವರದಿಗಳನ್ನು ಪರಿಶೀಲಿಸುತ್ತಿದ್ದಾರೆ. ಅದು ಒಳ್ಳೆಯ ಕೆಲಸವೇ, ಆದರೆ ಅಲ್ಲಿ ರೋಗಿಯ ಮುಖ ಕಾಣಿಸುವುದಿಲ್ಲ.

ಉತ್ತರ 2: ಫಾರ್ಮುಲೇಷನ್ ವಿಭಾಗ, ಗೋವಾ (ಊರು ಕಾರ್ಕಳ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಜಿಪ್ಯಾಟಿನ ಲೆಕ್ಕವನ್ನು ಅವರು ಹೇಳಲಿಲ್ಲ. ಜಿಪ್ಯಾಟ್ ಅರ್ಹತೆ ಇದ್ದು ಎಂ.ಫಾರ್ಮ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ, ಫಾರ್ಮ್.ಡಿ.ಗೆ ಅದು ಅನ್ವಯಿಸುವುದಿಲ್ಲ. ಎರಡು ವರ್ಷದ ಮೊತ್ತ ಮೂರು ಲಕ್ಷದ ಹತ್ತಿರ ಬರುತ್ತದೆ. ಒಂದು ಕಡೆ ಮೂರು ವರ್ಷದ ಶುಲ್ಕ, ಇನ್ನೊಂದು ಕಡೆ ಎರಡು ವರ್ಷದ ಶುಲ್ಕದಿಂದ ಈ ಮೊತ್ತ ಕಳೆದದ್ದು, ಹೀಗೆ ಎದುರುಬದುರು ಬರೆದು ನೋಡಿ. ಕಾಲೇಜು ಹಾಜರಿಯನ್ನು ದೃಢೀಕರಿಸಿದ ಮೇಲೆಯೇ ಹಣ ಖಾತೆಗೆ ಬರುವುದರಿಂದ, ಮೊದಲ ಕೆಲವು ತಿಂಗಳು ಅದನ್ನು ನಂಬಿಕೊಂಡು ಹಾಸ್ಟೆಲ್ ಬಿಲ್ಲಿನ ಲೆಕ್ಕ ಹಾಕಬೇಡಿ.

ಮಾತ್ರೆ ತಯಾರಿಸುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ ಎಂದಿರಿ. ಹೊತ್ತು ಹೋಗದಿರುವುದು ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಎಂ.ಫಾರ್ಮ್‌ನ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರಿನ ಬಹುಭಾಗ ಸಂಶೋಧನಾ ಪ್ರಬಂಧಕ್ಕೇ ಮೀಸಲು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯೊಂದನ್ನು ನೀವು ತಯಾರಿಸಿದಿರಿ ಎನ್ನೋಣ: 37 ಡಿಗ್ರಿಯಲ್ಲಿ ಇಟ್ಟ 900 ಮಿಲಿಲೀಟರ್ ದ್ರಾವಣದಲ್ಲಿ ಅದು ಹನ್ನೆರಡು ಗಂಟೆ ತಿರುಗುತ್ತಿರುವಾಗ, ಗೊತ್ತುಪಡಿಸಿದ ನಿಮಿಷಕ್ಕೆ ಸರಿಯಾಗಿ ಐದು ಮಿಲಿಲೀಟರ್ ತೆಗೆದು, ಅಷ್ಟೇ ಹೊಸ ದ್ರಾವಣವನ್ನು ಸೇರಿಸಿ, ಸೋಸಿ, ಅಳೆದು, ಬರೆದಿಡಬೇಕು. ಬಿಡುಗಡೆಯನ್ನು ನಿಧಾನಗೊಳಿಸುವ ಪಾಲಿಮರಿನ ಪ್ರಮಾಣ ಬದಲಾಯಿಸಿದರೆ ಮತ್ತೆ ಮೊದಲಿನಿಂದ. ನಡುವೆ ಕರೆಂಟು ಹೋದರೆ ಆ ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ. ಇದನ್ನು ಓದಿಯೂ ಬೇಸರವಾಗದಿದ್ದರೆ ಫಾರ್ಮಾಸ್ಯೂಟಿಕ್ಸ್ ನಿಮಗೆ ಸರಿಹೊಂದುತ್ತದೆ.

ಕಾಲೇಜಿಗೆ ಹೋದಾಗ ಎಚ್‌.ಪಿ.ಎಲ್‌.ಸಿ. (ಮದ್ದಿನ ಪ್ರಮಾಣವನ್ನು ಅಳೆಯುವ) ಯಂತ್ರದ ಪಕ್ಕದಲ್ಲಿ ಇರುವ ಲಾಗ್‌ಬುಕ್ಕನ್ನು ನೋಡಲು ಕೇಳಿ. ಪ್ರತಿದಿನ ವಿದ್ಯಾರ್ಥಿಗಳ ಸಹಿ ಇದ್ದರೆ ಅದು ಓಡುತ್ತಿರುವ ಯಂತ್ರ. ಎರಡು ತಿಂಗಳಿಗೊಮ್ಮೆ ಒಂದು ಸಹಿ ಇದ್ದರೆ ತಪಾಸಣೆಗೆ ಬರುವವರಿಗಾಗಿ ಇಟ್ಟದ್ದು. ಉದ್ಯೋಗದ ಮಟ್ಟಿಗೆ, ಬಜ್ಪೆಯ ಕಡೆ ಎಸ್‌ಇಝಡ್‌ನಲ್ಲಿ ಸಿಂಜೀನ್ ಕಂಪನಿಯ ಘಟಕ ಬಂದಿದೆಯಾದರೂ ಅದು ಔಷಧದ ಮೂಲ ರಾಸಾಯನಿಕಗಳ ತಯಾರಿಕೆ, ಅಲ್ಲಿ ರಸಾಯನಶಾಸ್ತ್ರದವರಿಗೆ ಹೆಚ್ಚು ಅವಕಾಶ. ಮಾತ್ರೆ, ಕ್ಯಾಪ್ಸೂಲಿನ ಕೆಲಸ ಬೇಕಾದವರು ಗೋವಾ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್ ಎಂದು ಊರು ಬಿಡಲೇಬೇಕು. ಊರಲ್ಲೇ ಇರಬೇಕೆಂದಿದ್ದರೆ ಫಾರ್ಮ್.ಡಿ. ಮಾಡಿ ಆಸ್ಪತ್ರೆ ಸೇರುವುದು, ಇಲ್ಲವೇ ಯಾವ ಪದವಿಯಲ್ಲಾದರೂ ಬೋಧನೆಗೆ ಇಳಿಯುವುದು.

ಉತ್ತರ 3: ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುತ್ತಿರುವವನು (ಊರು ಕುಂದಾಪುರ)

ನಿಮ್ಮ ಗೆಳತಿಯ ಮಾತು ತಪ್ಪು. ಆ ತಪ್ಪಿನ ಮೇಲೆ ಸಾಲ ಮಾಡಿ ಬಂದವರನ್ನು ಇಲ್ಲಿ ನೋಡಿದ್ದೇನೆ. ಫಾರ್ಮಾಸ್ಯೂಟಿಕಲ್ ಸೈನ್ಸಸ್ ಎಂ.ಎಸ್. ಮಾಡಿದರೆ ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗುವುದಿಲ್ಲ. ಆ ಪರವಾನಗಿಗೆ ಇಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ನಾಲ್ಕು ವರ್ಷದ ಫಾರ್ಮ್.ಡಿ. ಓದಿ ನ್ಯಾಪ್ಲೆಕ್ಸ್ ಪರೀಕ್ಷೆ ಬರೆಯಬೇಕು, ಅಥವಾ ಹೊರದೇಶದ ಪದವೀಧರರಿಗೆ ಇರುವ ಎಫ್‌.ಪಿ.ಜಿ.ಇ.ಸಿ. ಪ್ರಮಾಣೀಕರಣದ ದಾರಿಯಲ್ಲಿ ಬರಬೇಕು. ಆ ಎರಡನೆಯ ದಾರಿಯಲ್ಲಿ 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರಿಗೆ ಕನಿಷ್ಠ ಐದು ವರ್ಷದ ಫಾರ್ಮಸಿ ಪಠ್ಯಕ್ರಮ ಬೇಕು, ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲಿ ನಿಲ್ಲುವುದಿಲ್ಲ. ಮೂರು ವರ್ಷದ ಪೋಸ್ಟ್ ಬ್ಯಾಕಲಾರಿಯೇಟ್ ಪದವಿಯನ್ನು ಈ ಉದ್ದೇಶಕ್ಕಾಗಿ ಸೇರುವುದಾದರೆ, ಪ್ರಮಾಣೀಕರಣ ನಡೆಸುವ ಎನ್‌.ಎ.ಬಿ.ಪಿ. ಸಂಸ್ಥೆಗೇ ಪತ್ರ ಬರೆದು ಲಿಖಿತ ಉತ್ತರ ಪಡೆದ ಮೇಲೆ ಶುಲ್ಕ ಕಟ್ಟಿ. ಏಜೆಂಟರ ಬಾಯಿಮಾತು ಸಾಲದು.

ಹಾಗೆಂದು ಎಂ.ಎಸ್. ನಿಷ್ಪ್ರಯೋಜಕವಲ್ಲ. ಅದು ಪ್ರಯೋಗಾಲಯದ, ಕಂಪನಿಯ ದಾರಿ. ಓದಿನ ಬಳಿಕ ಸಿಗುವ ಹನ್ನೆರಡು ತಿಂಗಳ ಕೆಲಸದ ಅನುಮತಿಗೆ, ಫಾರ್ಮಾಸ್ಯೂಟಿಕಲ್ ಸೈನ್ಸಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವುದರಿಂದ, ಇನ್ನೂ ಇಪ್ಪತ್ತನಾಲ್ಕು ತಿಂಗಳ ವಿಸ್ತರಣೆ ಸಿಗಬಹುದು, ಇಲ್ಲಿನ ಫಾರ್ಮ್.ಡಿ.ಗೆ ಆ ವಿಸ್ತರಣೆ ಇಲ್ಲ. ಆದರೆ ಎಂ.ಎಸ್. ಸಾಮಾನ್ಯವಾಗಿ ಕೈಯಿಂದ ಹಣ ಹಾಕಿ ಓದುವ ಪದವಿ, ಪಿಎಚ್‌.ಡಿ. ಸಾಮಾನ್ಯವಾಗಿ ವಿಭಾಗವೇ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುವ ಪದವಿ. ಹಲವು ವಿಭಾಗಗಳು ಬಿ.ಫಾರ್ಮ್ ಆದವರನ್ನೇ ನೇರವಾಗಿ ಪಿಎಚ್‌.ಡಿ.ಗೆ ತೆಗೆದುಕೊಳ್ಳುತ್ತವೆ, ಒಂದು ಒಳ್ಳೆಯ ಪ್ರಬಂಧ ಕೈಯಲ್ಲಿದ್ದರೆ ಅವಕಾಶ ಇನ್ನೂ ಹೆಚ್ಚು. ನಾನು ಎಂ.ಫಾರ್ಮ್ ಮುಗಿಸಿಯೇ ಬಂದವನು, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು. ಮೊದಲ ಸೆಮಿಸ್ಟರಿನ ಬಳಿಕ, ವಿಭಾಗದ ಕೆಲಸಕ್ಕೆ ಪ್ರತಿಯಾಗಿ ಹಣದ ನೆರವು ಕೊಡುವ ಅಸಿಸ್ಟೆಂಟ್‌ಶಿಪ್ ಸಿಗಬಹುದು ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅದು ಪ್ರವೇಶಪತ್ರದಲ್ಲಿ ಅಕ್ಷರರೂಪದಲ್ಲಿ ಇಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ.

ಉತ್ತರ 4: ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಇಷ್ಟೊಂದು ಬ್ಯಾಂಕುಗಳು ಹುಟ್ಟಿದ ಕರಾವಳಿಯಲ್ಲಿ ಇದ್ದುಕೊಂಡು ಸಾಲದ ನಿಯಮವನ್ನು ಓದದೆ ಸಹಿ ಹಾಕುವವರೇ ಹೆಚ್ಚು, ಅದಕ್ಕೆ ಈ ನಾಲ್ಕು ಮಾತು. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಡ, ಅದಕ್ಕಿಂತ ಮೇಲಾದರೆ ಬೇಕು. ಆದರೆ ಕೃಷಿಭೂಮಿಯನ್ನು ಶಿಕ್ಷಣ ಸಾಲಕ್ಕೆ ಅಡವಾಗಿ ಒಪ್ಪಿಕೊಳ್ಳಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಕನ್ವರ್ಷನ್ ಆದ ನಿವೇಶನ, ಮನೆ ಅಥವಾ ಠೇವಣಿ ಕೇಳುತ್ತಾರೆ. ತಂದೆಯವರು ಆರ್‌ಟಿಸಿ ಹಿಡಿದುಕೊಂಡು ಶಾಖೆಗೆ ಹೋಗಿ ಇದನ್ನು ಮೊದಲೇ ಕೇಳಿಬರಲಿ. ಓದಿನ ಅವಧಿ ಮತ್ತು ಬಳಿಕದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ನಿಜ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅಮೆರಿಕದ ಸೀಟನ್ನು ಈ ವರ್ಷಕ್ಕೆ ಬಿಡುತ್ತಿದ್ದೇನೆ. ಉಳಿದೆರಡರಲ್ಲಿ ಮನಸ್ಸು ಇನ್ನೂ ತೂಗುಯ್ಯಾಲೆಯಲ್ಲಿದೆ. ಫಾರ್ಮ್.ಡಿ. ಕಾಲೇಜಿನವರು ಈ ವಾರವೇ ಶುಲ್ಕ ಮತ್ತು ಮೂಲ ಅಂಕಪಟ್ಟಿ ಕೊಡಿ ಎನ್ನುತ್ತಿದ್ದಾರೆ. ಫಾರ್ಮ್.ಡಿ. ಸೇರಿ ಒಂದು ವರ್ಷದ ಬಳಿಕ ಮನಸ್ಸು ಬದಲಾದರೆ ಜಿಪ್ಯಾಟ್ ಮತ್ತೆ ಬರೆಯಬೇಕೇ?

ಉತ್ತರ 2ರವರು

ಬೇಕಾಗಿಲ್ಲ, ಜಿಪ್ಯಾಟ್ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇದೆ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ, ಆದರೆ ಕೊಟ್ಟು ಬರಬೇಡಿ: ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ, ಸೀಟು ಬಿಟ್ಟಾಗ ಶುಲ್ಕ ಎಷ್ಟು ಮರಳಬೇಕು ಎಂಬುದೂ ಅದರಲ್ಲಿದೆ. ಹಣ ಕಟ್ಟುವ ಮೊದಲು ಪ್ರವೇಶದ ಕೊನೆಯ ದಿನಾಂಕ ಯಾವುದೆಂದು ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ, ಏಕೆಂದರೆ ಮರುಪಾವತಿಯ ಲೆಕ್ಕ ನಡೆಯುವುದು ಆ ದಿನಾಂಕದ ಮೇಲೆ. ಅಷ್ಟರೊಳಗೆ ಒಂದು ಬೆಳಿಗ್ಗೆ ದೇರಳಕಟ್ಟೆಯ ವಾರ್ಡ್ ರೌಂಡ್ಸಿಗೆ, ಇನ್ನೊಂದು ದಿನ ಆ ಫಾರ್ಮಾಸ್ಯೂಟಿಕ್ಸ್ ಲ್ಯಾಬಿಗೆ ಅನುಮತಿ ಕೇಳಿ ಹೋಗಿಬನ್ನಿ.