ತೂಕ ಸರಿ, ಆಸಾಮಿ ಬೇರೆ

ಅಮೈನೋ ಆಮ್ಲಗಳ ಸರಗಳಾದ ಪೆಪ್ಟೈಡ್ ಔಷಧಗಳಲ್ಲಿ ಕಲ್ಮಶ ಹಿಡಿಯುವುದೇ ತನ್ನ ಕಸುಬೆಂದು ರಸಾಯನಶಾಸ್ತ್ರದ ಗೆಳೆಯನು ಹೇಳಿದಾಗ, ಲೆಕ್ಕಪರಿಶೋಧಕ ಗೆಳೆಯನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದನು.

“ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸುವಾಗ ಪ್ರತಿ ಹಂತವೂ ಶೇಕಡಾ 99ರಷ್ಟು ಸರಿಯಾದರೆ ಇನ್ನೇನು ಬೇಕಯ್ಯಾ?”

“30 ಹಂತಕ್ಕೆ ಗುಣಿಸಿ ನೋಡು.”

ಗುಣಿಸಿದಾಗ ಕೈಗೆ ಸಿಕ್ಕಿದ್ದು ಶೇಕಡಾ 74; ಮಿಕ್ಕದ್ದೆಲ್ಲ ಮಣಿ ತಪ್ಪಿದ ಸರಗಳು.

“ತೂಗಿದರೆ ಕಳ್ಳ ಸಿಕ್ಕಿಬೀಳುವುದಿಲ್ಲವೇ?” ಎಂದೆ, ವ್ಯಾಕರಣದ ಮೇಷ್ಟ್ರಾದ ನಾನು.

“ಗ್ಲೈಸಿನ್ ಎಂಬ ಮಣಿ ತಪ್ಪಿದರೆ ಅಣುತೂಕದ ಅಳತೆಯಾದ ಡಾಲ್ಟನ್ ಲೆಕ್ಕದಲ್ಲಿ 57 ಕಡಿಮೆ, ಮೆಥಿಯೋನಿನ್ ಎಂಬ ಮಣಿ ಆಕ್ಸಿಡೀಕರಣಗೊಂಡರೆ 16 ಹೆಚ್ಚು, ಇವರು ದಡ್ಡ ಕಳ್ಳರು. ಆಸ್ಪ್ಯಾರಜೀನ್ ಎಂಬ ಮಣಿ ತನ್ನ ಅಮೈಡನ್ನು ಕಳೆದುಕೊಂಡರೆ ಹೆಚ್ಚುವುದು 0.984; ಅಪ್ಪಟ ಅಣುವಿನಲ್ಲೇ ಇಂಗಾಲದ ತುಸು ಭಾರದ ಸೋದರ ಇಂಗಾಲ-13 ಒಂದು ಕುಳಿತಿದ್ದರೆ ಹೆಚ್ಚುವುದು 1.003. ವ್ಯತ್ಯಾಸ 0.019!”

“ನಾನಾದರೆ ಎರಡನ್ನೂ 1 ಎಂದು ಬರೆದು ಸಹಿ ಹಾಕುತ್ತಿದ್ದೆ.”

“ಅದಕ್ಕೇ ನಿನ್ನನ್ನು ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನ ಹತ್ತಿರ ಬಿಡುವುದಿಲ್ಲ.”

“ಹೀಗೆ ಕೂದಲು ಸೀಳುವುದಾದರೂ ಏಕೆ?”

ಜೀವತಂತ್ರಜ್ಞಾನದಿಂದ ತಯಾರಾದ, ಮಧುಮೇಹಕ್ಕೆ ಕೊಡುವ ಲಿರಾಗ್ಲುಟೈಡಿನಂಥ ಮೂಲ ಔಷಧಕ್ಕೆ ಸಂಶ್ಲೇಷಿತ ಪ್ರತಿರೂಪವನ್ನು ತರುವುದಾದರೆ, ಮೂಲದಲ್ಲಿಲ್ಲದ ಯಾವ ಹೊಸ ಪೆಪ್ಟೈಡ್ ಕಲ್ಮಶವೂ ಶೇಕಡಾ 0.5ನ್ನು ಮೀರಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರ ಮಾರ್ಗಸೂಚಿಯಲ್ಲಿ ಹೇಳಿದೆಯಂತೆ. ದೇಹದ ರೋಗನಿರೋಧಕ ವ್ಯವಸ್ಥೆ ಅಪರಿಚಿತ ಸರದ ಮೇಲೆ ತಿರುಗಿಬೀಳಬಹುದೆಂಬುದು ಭಯ. ಮಣಿ ಎಲ್ಲಿ ತಪ್ಪಿದೆಯೆಂದು ತಿಳಿಯಲು ಅಣುವನ್ನೇ ಒಡೆದು ಚೂರುಗಳನ್ನು ತೂಗುತ್ತಾರೆ.

“ಅಂದರೆ ‘ಸರ’, ‘ರಸ’ ಎರಡರ ತೂಕವೂ ಒಂದೇ, ಒಡೆದರೆ ಮಾತ್ರ ಬೇರೆ!” ಎಂದು ನಾನು ಹಿಗ್ಗಿದೆ.

“ಭೇಷ್. ಆದರೆ ಒಂದು ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ, ಅಂದರೆ ಎಲ್-ರೂಪದ ಬದಲು ಡಿ-ರೂಪವಿದ್ದರೆ, ಚೂರುಗಳ ತೂಕವೂ ಬದಲಾಗದು. ಆಗ ಅಣುಗಳನ್ನು ಬೇರೆಬೇರೆ ವೇಗದಲ್ಲಿ ಹೊರಬಿಡುವ ಸಿ18 ಕಾಲಮ್ಮೆಂಬ ಕೊಳವೆಯಲ್ಲಿ ಮೊದಲೇ ಬೇರ್ಪಡಿಸಿರಬೇಕು. ಅಲ್ಲಿಯೂ ಅತ್ತ ದರಿ, ಇತ್ತ ಪುಲಿ: ಟ್ರೈಫ್ಲೂರೋಅಸಿಟಿಕ್ ಆಮ್ಲ ಹಾಕಿದರೆ ನಕ್ಷೆಯಲ್ಲಿ ಪ್ರತಿ ಅಣುವಿಗೆ ಏಳುವ ಶಿಖರಗಳು, ಅಂದರೆ ಪೀಕುಗಳು, ಚೂಪಾಗುತ್ತವೆ, ಆದರೆ ಸ್ಪೆಕ್ಟ್ರೋಮೀಟರಿನ ಸಂಕೇತ ಸೊರಗುತ್ತದೆ, ಫಾರ್ಮಿಕ್ ಆಮ್ಲ ಹಾಕಿದರೆ ಸಂಕೇತ ಚೇತರಿಸಿಕೊಳ್ಳುತ್ತದೆ, ಪೀಕುಗಳು ಸೋಮಾರಿಗಳಂತೆ ಕಾಲು ಚಾಚುತ್ತವೆ.”

“ತಡವಾಗಿ ಹೊರಬಂದವನೇ ಕಳ್ಳನೋ?”

“ಕೆಲವೊಮ್ಮೆ ಕಳ್ಳನೇ ಮೊದಲು ಬರುತ್ತಾನೆ.”

“ಇಬ್ಬರೂ ಕೈಕೈ ಹಿಡಿದು ಒಟ್ಟಿಗೇ ಬಂದರೆ?”

“ಪಿಎಚ್ ಬದಲಿಸು, ದ್ರಾವಕದ ಮಿಶ್ರಣ ಬದಲಾಗುವ ಗ್ರೇಡಿಯಂಟ್ ನಿಧಾನಗೊಳಿಸು, ಕಾಲಂ ಬದಲಿಸು, ಮತ್ತೆ ಮೊದಲಿನಿಂದ” ಎಂದು ಅವನು ಆಕಳಿಸಿದನು. ಆ ರಾತ್ರಿಗಳ ಲೆಕ್ಕ ಕೇಳುವ ಧೈರ್ಯ ಪರಿಶೋಧಕನಿಗೂ ಬರಲಿಲ್ಲ.